ಕೆಟ್ಲಿನ ಮೂತಿಯಲ್ಲಿ ಉಳಿದ ಹುಣಸೆಹಣ್ಣು

ರತ್ನ, ಅವತ್ತು ಹಾಲು ಒಡೆದದ್ದು ನಿನ್ನ ಕೈಯಿಂದಲ್ಲ. ಕಾಫಿ ಕೆಟ್ಲು ತೊಳೆಯಲು ನಾನು ತುರುಕಿದ್ದ ಹುಣಸೆಹಣ್ಣಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು.

ಈ ಮಾತನ್ನು ಮಂಡ್ಯದಲ್ಲಿ ಬಸ್ಸು ಹತ್ತಿದಾಗಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬರುತ್ತಿದ್ದೇನೆ. ಮದ್ದೂರು ಇನ್ನೇನು ದೂರವಿಲ್ಲ. ತೊಡೆಯ ಮೇಲೆ ಬಟ್ಟೆಯ ಬ್ಯಾಗು, ಅದರೊಳಗೆ ಅದೇ ಕೆಟ್ಲು. ಪಕ್ಕದ ಸೀಟಿನ ಅಜ್ಜಿ ಆಗಲೇ ಕೇಳಿದರು, "ಯಾಕವ್ವ, ಇಂಗ್ ಬೆವ್ತೋಗಿದ್ದೀಯ, ಉಸಾರಿಲ್ವಾ?" ಹುಷಾರಾಗಿದ್ದೇನೆ. ಭಯ, ಅಷ್ಟೇ. ಇಪ್ಪತ್ತು ವರ್ಷದಿಂದ ನನ್ನ ಜೊತೆಯಲ್ಲೇ ಉಂಡು ಮಲಗಿದ ಭಯ. ಈಗ ಅದಕ್ಕೆ ಬಾಯಿ ಬರುವ ಹೊತ್ತು.

ನಿನಗೆ ನೆನಪಿದೆಯಲ್ಲ, ನಿನ್ನಣ್ಣನನ್ನು ಮದುವೆಯಾಗಿ ಬೆಸಗರಹಳ್ಳಿಗೆ ಬಂದು ನನಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಚೊಕ್ಕಟದ ಹುಚ್ಚು ನನಗೆ ಆಗಲೂ ಇತ್ತು. ಟೌನಿನ ಹುಡುಗಿ, ಎಲ್ಲ ಗೊತ್ತು ಅನ್ನುವ ಜಂಬ ಬೇರೆ. ಮಳವಳ್ಳಿ ಕಡೆಯಿಂದ ನಿನ್ನನ್ನು ನೋಡಲು ಬರುತ್ತಾರೆ ಅಂದಾಗ ಅತ್ತೆ ಅಟ್ಟದಿಂದ ಆ ದೊಡ್ಡ ಸ್ಟೀಲು ಕೆಟ್ಲು ಇಳಿಸಿದರು. ಒಳಗೆಲ್ಲ ಹಳೇ ಕಾಫಿಯ ಕರೆ, ಮೂತಿಯೊಳಗಂತೂ ಕಪ್ಪಗೆ ಗಟ್ಟಿಯಾಗಿತ್ತು. ಕಾಫಿಯನ್ನು ಅಡುಗೆಮನೆಯಲ್ಲೇ ಲೋಟಗಳಿಗೆ ಹಾಕಿ ತಟ್ಟೆಯಲ್ಲಿಟ್ಟು ತರಬಹುದಿತ್ತು, ಆದರೆ ಅತ್ತೆ ಒಪ್ಪಲಿಲ್ಲ. "ಹೆಣ್ಣೇ ಕೆಟ್ಲು ಇಡ್ಕಂಡು ಎಲ್ರ ಮುಂದೆ ಬಗ್ಗಿಸ್ಬೇಕು. ಗಂಡಿನ್ ಕಡೆಯೋರು ಕೈ ನೋಡ್ತಾರೆ ಕಣವ್ವ, ಮೊಕ ಅಲ್ಲ" ಅಂದರು.

ಕರೆ ತೆಗೆಯುವುದು ನನಗೆ ಬಿಡಿ ಅಂದೆ. ನಮ್ಮಮ್ಮನ ಮನೆಯಲ್ಲಿ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲೇ ಉಜ್ಜುತ್ತಿದ್ದದ್ದು. ಅದೇ ಬುದ್ಧಿಯಲ್ಲಿ ಹುಣಸೆಹಣ್ಣಿಗೆ ಕಲ್ಲುಪ್ಪು ಸೇರಿಸಿ, ನಿಂಬೆಹಣ್ಣು ಹಿಂಡಿ, ಬಿಸಿನೀರು ಹುಯ್ದು, ಮೂತಿಯೊಳಕ್ಕೂ ಒಂದು ಮುದ್ದೆಯನ್ನು ಪೊರಕೆ ಕಡ್ಡಿಯಿಂದ ತುರುಕಿ ನೆನೆಯಲು ಬಿಟ್ಟೆ. ಬೆಳಿಗ್ಗೆ ಉಜ್ಜಿದರೆ ಕೆಟ್ಲು ಫಳಫಳ ಅನ್ನುತ್ತಿತ್ತು. ಅತ್ತೆ ಅದರಲ್ಲಿ ಮುಖ ನೋಡಿಕೊಂಡು ನಕ್ಕರು. ನಾನು ಬೀಗಿದೆ.

ಈಗ ಹೇಳಬೇಕಾದ್ದು — ಇದನ್ನು ಮಾತ್ರ ನಾನು ಯಾರಿಗೂ, ದೇವರ ಮುಂದೆ ಕೂಡ ಬಾಯಿಬಿಟ್ಟು ಹೇಳಿಲ್ಲ. ಕೆಟ್ಲು ತೊಳೆದು ಬಗ್ಗಿಸಿದಾಗ ಮೂತಿಯಿಂದ ನೀರು ದಾರದಷ್ಟು ಸಣ್ಣಗೆ ಬಂತು. ಒಳಗೆ ಏನೋ ಉಳಿದಿದೆ ಅಂತ ನನಗೆ ಗೊತ್ತಾಯಿತು. ಕಡ್ಡಿ ಹುಡುಕೋಣ ಅನ್ನುವಷ್ಟರಲ್ಲಿ ಅವರ ವ್ಯಾನು ಬೀದಿ ತಿರುವಿನಲ್ಲಿ ಹಾರನ್ ಹೊಡೆಯಿತು, ಅತ್ತೆ ಕೂಗಿದರು, ಕಾಯಿಸಿದ ಹಾಲು ಒಲೆಯ ಮೇಲಿತ್ತು. ಇರಲಿ ಬಿಡು, ಏನಾಗುತ್ತೆ — ಅಂದುಕೊಂಡು ಹಾಲನ್ನೂ ಡಿಕಾಕ್ಷನ್ನನ್ನೂ ಅದಕ್ಕೇ ಹುಯ್ದು ಮುಚ್ಚಳ ಹಾಕಿಬಿಟ್ಟೆ.

ಗಂಡಸರು ಕಬ್ಬು, ಆಲೆಮನೆ, ನಾಲೆ ನೀರು ಅಂತ ಮಾತಾಡುತ್ತಲೇ ಇದ್ದರು. ಕೆಟ್ಲು ಬಿಸಿಯಾಗಿ ಹಾಗೇ ಕೂತಿತ್ತು. ಆಮೇಲೆ ನೀನು ಬಂದೆ. ಹಸಿರು ಸೀರೆ, ಅಂಚು ಕಾಲಿಗೆ ಸಿಗದಿರಲಿ ಅಂತ ನಾನೇ ಪಿನ್ನು ಹಾಕಿದ್ದೆ. ಕಂಬದ ಹತ್ತಿರ ಕೂತಿದ್ದ ಆ ಹುಡುಗ ಒಂದು ಸಲ ನಿನ್ನ ಕಡೆ ನೋಡಿದ, ನೀನೂ ನೋಡಿದೆ. ನಿನಗೆ ಒಪ್ಪಿಗೆಯಾಗಿತ್ತು. ಅದನ್ನು ಬಾಗಿಲ ಸಂದಿಯಿಂದ ಕಂಡವಳು ನಾನೊಬ್ಬಳೇ.

ಮೊದಲ ಲೋಟ ಹುಡುಗನ ಅಜ್ಜಿಗೆ. ನೀನು ಬಗ್ಗಿಸಿದೆ, ಮೂತಿಯಿಂದ ತೊಟ್ಟುತೊಟ್ಟಾಗಿ ಕಂದು ನೀರು ಬಂತು. ನೀನು ಇನ್ನಷ್ಟು ಬಗ್ಗಿಸಿದೆ. ಬಿಳೀ ಚೂರುಗಳು ಬಿದ್ದವು. ಆ ಮುದುಕಿ ಲೋಟವನ್ನು ಒಂದೇ ಬೆರಳಿನಿಂದ ಆಚೆ ತಳ್ಳಿದರು.

"ಹಾಲು ಒಡ್ದೋಗದೆ ಕಣಪ್ಪ. ಇದ್ಕಿಂತ ಇನ್ನೇನ್ ಏಳ್ಬೇಕು ದೇವ್ರು? ಏಳಿ, ಓಗನ."

ಅವರು ಎಲೆಅಡಿಕೆ ಕೂಡ ಮುಟ್ಟದೆ ಹೋದರು. ಅತ್ತೆ ಅಡುಗೆಮನೆಗೆ ಬಂದು ಮೊದಲು ನನ್ನನ್ನೇ ಕೇಳಿದರು. ನ್ಯಾಯವಾಗಿಯೇ ಕೇಳಿದರು.

"ಪಾತ್ರೆ ನೆಟ್ಟಗ್ ತೊಳ್ದಿದ್ದೇನವ್ವ?"

"ತೊಳ್ದಿದ್ದೆ ಕಣತ್ತೆ. ಚೆನ್ನಾಗೇ ತೊಳ್ದಿದ್ದೆ."

ಅಷ್ಟೇ ಮಾತು. ಅತ್ತೆ ನನ್ನ ಮುಖ ಬಿಟ್ಟು ನಿನ್ನ ಕಡೆ ತಿರುಗಿದರು. "ಬೆಳಿಗ್ಗೆ ಕರ್ದಿರೋ ಹಾಲು. ನಿನ್ ಕೈಗೇನ್ ಬಂದಿತ್ತೇ ರತ್ನಿ?" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಬೀಳುವುದನ್ನು ಎತ್ತು ನಿಂತು ನೋಡಿತು. ನೀನು ನಿನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ — ಅಯ್ಯೋ ರತ್ನ, ಅದನ್ನು ನಾನು ಹೇಗೆ ಹೇಳಲಿ. ನಿಜವಾಗಿಯೂ ಅಲ್ಲೇನೋ ಇರಬಹುದು ಅನ್ನುವ ಹಾಗೆ ನೋಡಿಕೊಂಡೆ.

ನಾನು ಕೆಟ್ಲು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಕಡ್ಡಿ ಹಾಕಿ ತಿವಿದರೆ ಮೂತಿಯಿಂದ ಹುಣಸೆ ನಾರಿನ ಮುದ್ದೆ ಒಂದು ಬೀಜದ ಸಮೇತ ಈಚೆ ಬಂತು. ಅದನ್ನು ಕೈಯಲ್ಲಿ ಹಿಡಿದು ನಿಂತೆ. ಒಳಗೆ ಹೋಗಿ ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ವ್ಯಾನು ಇನ್ನೂ ಊರು ದಾಟಿರಲಿಲ್ಲ, ನಿನ್ನಣ್ಣ ಸ್ಕೂಟರಿನಲ್ಲಿ ಹಿಂದೆ ಹೋಗಿ ಕರೆತರುತ್ತಿದ್ದರು. ಅತ್ತೆ ಬೈಯುತ್ತಾರೆ, ತವರಿಗೆ ಅಟ್ಟುತ್ತಾರೆ, ಬೀದಿಯವರು ನಗುತ್ತಾರೆ ಅನ್ನಿಸಿತು. ತಿಪ್ಪೆಯ ಬೂದಿ ಕೆದಕಿ ಮುದ್ದೆಯನ್ನು ಹೂತೆ. ಮೇಲೆ ಕಾಲಿನಿಂದ ತುಳಿದೆ ಕೂಡ.

ಆಮೇಲಿನದೆಲ್ಲ ನೀನು ಅನುಭವಿಸಿದ್ದು, ನಾನು ನೋಡಿದ್ದು. ಸುದ್ದಿಗೆ ಬಸ್ಸು ಬೇಕಿರಲಿಲ್ಲ. ನಿನ್ನನ್ನು ನೋಡಲು ಕೆರಗೋಡಿನಿಂದ ಬರಬೇಕಿದ್ದವರು ಬರಲೇ ಇಲ್ಲ. ಯಾರೋ ನಾಗದೋಷ ಅಂದರು, ನೀನು ಸೋಮವಾರ ಸೋಮವಾರ ಉಪವಾಸವಿದ್ದು ಹುತ್ತಕ್ಕೆ ಹಾಲೆರೆಯಲು ಹೋದೆ. ಆ ಹಾಲಿನ ಚೊಂಬನ್ನು ತುಂಬಿ ನಿನ್ನ ಕೈಗೆ ಕೊಡುತ್ತಿದ್ದವಳು ನಾನು. ಬೇಗ ಬಾ, ಬಿಸಿಲಾಗುತ್ತೆ ಅಂತ ಬೇರೆ ಹೇಳುತ್ತಿದ್ದೆ. ಕೊನೆಗೆ ನೀನೇ ಇನ್ನು ಯಾರನ್ನೂ ಕರೆಸಬೇಡಿ ಅಂದು, ಮದ್ದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟೆ.

ಹಾಲು ಅಂತ ಯಾರಾದರೂ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನೀನು ಮನೆಗೆ ಬಂದಾಗಲೆಲ್ಲ ನನಗೆ ಹೆದರಿಕೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನೀನು ಎದ್ದು ಹೋಗಿ ಇಳಿಸುವುದಿಲ್ಲ, ನಡುಮನೆಯಿಂದಲೇ "ಅತ್ಗೆ, ಹಾಲು! ಅತ್ಗೆ!" ಅಂತ ಕೂಗುತ್ತೀಯ. ಕಾಫಿಗೆ ಹಾಲು ಹಾಕಿಕೊಳ್ಳುವುದಿಲ್ಲ. ರುಚಿ ಹಿಡಿದಿದೆ ಅನ್ನುತ್ತೀಯ. ನನ್ನ ಮಗಳಿಗೆ ಹೆಸರಿಟ್ಟ ದಿನ ಅವಳ ಬಾಯಿಗೆ ಹಾಲುಸಕ್ಕರೆ ಹಾಕು ಅಂದರೆ ನೀನು ಬಾಗಿಲಾಚೆ ನಿಂತೆ. ಅವತ್ತು ನನಗೆ ಅನ್ನಿಸಿದ್ದು ಸಂಕಟ ಅಲ್ಲ, ಸಮಾಧಾನ. ಇವಳು ಇನ್ನೂ ನಂಬಿದ್ದಾಳೆ, ನಾನು ಉಳಿದುಕೊಂಡೆ ಅಂತ. ಇದಕ್ಕಿಂತ ಕೆಟ್ಟದ್ದು ನನ್ನೊಳಗೆ ಇನ್ನೇನೂ ಇಲ್ಲ.

ಅತ್ತೆಯ ಹೆದರಿಕೆಗೆ ಸುಮ್ಮನಿದ್ದೇನೆ, ಅವರು ಹೋದ ಮೇಲೆ ಹೇಳುತ್ತೇನೆ ಅಂದುಕೊಂಡಿದ್ದೆ. ಎಂಥ ಯೋಚನೆ ನೋಡು. ಅವರು ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದುಕೊಂಡು, "ರತ್ನನ್ ಕೈ ಬುಡ್ಬ್ಯಾಡ ಕಣವ್ವ. ಅದೃಷ್ಟಗೆಟ್ಟ ಕೂಸು" ಅಂದರು. ನಾನು ತಲೆಯಾಡಿಸಿದೆ. ಅವರು ಹೋದರು, ಭಯ ಹೋಗಲಿಲ್ಲ. ಆಗ ಗೊತ್ತಾಯಿತು, ನಾನು ಹೆದರುತ್ತಿದ್ದದ್ದು ಅವರಿಗಲ್ಲ — ನಿನಗೆ.

ಈಗ ನಾವು ಬಾಡಿಗೆಗಿರುವ ಮಂಡ್ಯದಲ್ಲೇ ಸ್ವಂತದ ಹೊಸ ಮನೆ. ನಾಡಿದ್ದು ಗೃಹಪ್ರವೇಶ. ಹಾಲುಕ್ಕಿಸಬೇಕಾದವಳು ಮನೆಯ ಹೆಣ್ಣುಮಗಳು, ಅಂದರೆ ನೀನು. ನಿನ್ನೆ ನಿನ್ನಣ್ಣ ಫೋನು ಮಾಡಿದಾಗ ಸ್ಪೀಕರ್ ಹಾಕಿದ್ದರು, ನಾನು ಪಕ್ಕದಲ್ಲೇ ಇದ್ದೆ.

"ನನ್ ಕೈಲಾ? ಬ್ಯಾಡ ಬುಡಣ್ಣ" ಅಂದೆ ನೀನು. "ಒಸ ಮನೆ. ಒಡುದ್ಬುಟ್ರೆ? ಅತ್ಗೆ ಕೈ ಒಳ್ಳೇದು. ಅತ್ಗೆ ಕೈಲೇ ಉಕ್ಕುಸು."

ನಿನ್ನಣ್ಣ ಒತ್ತಾಯ ಮಾಡಲಿಲ್ಲ. ಅವರೂ ಒಳಗೊಳಗೇ ನಂಬಿದ್ದಾರೆ.

ಇವತ್ತು ಬೆಳಿಗ್ಗೆ ಎಲ್ಲರೂ ಹೊಸ ಮನೆಗೆ ಹೋದ ಮೇಲೆ ಕೆಟ್ಲು ಹುಡುಕಿ ತೆಗೆದೆ. ಸೋಡಾಪುಡಿ ಹಾಕಿ ಬಿಸಿನೀರಿನಲ್ಲಿ ನೆನೆಸಿ, ಮೂತಿಯೊಳಗೆ ಬಾಟಲಿ ತೊಳೆಯುವ ಬ್ರಷ್ಷು ಆಡಿಸಿ, ನೀರು ಧಾರೆಯಾಗಿ ಸುರಿಯುವವರೆಗೂ ತೊಳೆದೆ. ಅವತ್ತು ಇಷ್ಟು ಮಾಡಿದ್ದರೆ ಸಾಕಿತ್ತು. ಆಮೇಲೆ ಒಂದು ಲೋಟ ಬಿಸಿ ಹಾಲು ತೆಗೆದುಕೊಂಡು ಹುಣಸೆಹುಳಿ ಬಿಟ್ಟೆ. ಬಿಟ್ಟ ಕೂಡಲೇ ಒಡೆಯಿತು. ಅದೇ ಬಿಳೀ ಚೂರು, ಅದೇ ನೀರು. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ನಿನ್ನ ಕೈ ಮದ್ದೂರಿನಲ್ಲಿ ಯಾರದೋ ರವಿಕೆ ಹೊಲಿಯುತ್ತಿತ್ತು.

ಕ್ಷಮಿಸು ಅಂತ ಕೇಳಲು ಬರುತ್ತಿಲ್ಲ. ಹೊಸ ಸೊಸೆ, ಚಿಕ್ಕ ವಯಸ್ಸು ಅಂತ ಹೇಳಿಕೊಳ್ಳುವುದೂ ಇಲ್ಲ. ನೀನೂ ಚಿಕ್ಕವಳೇ ಇದ್ದೆ. ನಿನಗೆ ಹೇಳಿ ನಿನ್ನಣ್ಣನಿಗೂ, ನಾಡಿದ್ದು ಸೇರುವ ನೆಂಟರಿಗೂ ಹೇಳುತ್ತೇನೆ. ಹಾಲು ಮುಟ್ಟುವುದು ಬಿಡುವುದು, ನನ್ನ ಮುಖ ನೋಡುವುದು ಬಿಡುವುದು ನಿನಗೆ ಸೇರಿದ್ದು.

ಬಸ್ಸು ನಿಂತಿತು. ನಿನ್ನ ಅಂಗಡಿಯವರೆಗೂ ಹೇಗೆ ನಡೆದೆನೋ ಗೊತ್ತಿಲ್ಲ. ಮಿಷನ್ನಿನ ಸದ್ದು ಬೀದಿಗೇ ಕೇಳುತ್ತಿದೆ. ನೀನು ತಲೆ ಎತ್ತಿ ನಗುತ್ತೀಯ.

"ಬಾ ಅತ್ಗೆ, ಕೂತ್ಕೊ. ಏನಿಂಗ್ ಯೋಳ್ದೆ ಕೇಳ್ದೆ ಬಂದ್ಬುಟ್ಟೆ? ಕಾಪಿ ತರುಸ್ತೀನಿ ತಾಳು. ನಿಂಗೆ ಹಾಲಾಕ್ಸಿ, ನಂಗೆ ಬರೀದು."

ನಾನು ಕೂರುವುದಿಲ್ಲ. ಬ್ಯಾಗಿನಿಂದ ಕೆಟ್ಲು ತೆಗೆದು ನಿನ್ನ ಮಿಷನ್ನಿನ ಮೇಲೆ, ಬಟ್ಟೆಯ ಪಕ್ಕದಲ್ಲಿ ಇಡುತ್ತೇನೆ. ನಿನ್ನ ನಗು ನಿಲ್ಲುತ್ತದೆ. ನೀನು ಅದನ್ನು ಗುರುತು ಹಿಡಿದೆ. ಹಿಡಿದವಳೇ ಕೈಗಳೆರಡನ್ನೂ ಮಡಿಲಿಗೆ ಎಳೆದುಕೊಂಡೆ.

"ಕೈ ಈಚೆ ತಗಿ ರತ್ನ" ಅನ್ನುತ್ತೇನೆ. "ನಿನ್ ಕೈಲಿ ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ."