ಎಷ್ಟಾಣೆ ಖರೆ, ಆಚಾರ್ರ?

ಹಾನಗಲ್ ತಾಲೂಕು ಕಚೇರಿಯ ಬೇವಿನ ಮರದ ಕೆಳಗೆ ನಾನು ಛಾಪಾಕಾಗದ ಮಾರುತ್ತಿದ್ದೆ. ಪಕ್ಕದಲ್ಲೇ ವಾದಿರಾಜಾಚಾರ್ಯರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಅರ್ಜಿ ಟೈಪು ಮಾಡುವುದು ಅವರ ಹೊಟ್ಟೆಪಾಡು, ಊರವರಿಗೆ ಬಂದ ಇಂಗ್ಲಿಷ್ ಪತ್ರ ಓದಿ ಹೇಳುವುದು ಚಟ. ಅದಕ್ಕೆ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಹೊಗಳಿಕೆ ಮಾತ್ರ ಬಿಡುತ್ತಿರಲಿಲ್ಲ.

ಆದರೆ ಇಂಗ್ಲಿಷಿನವರು ಯಾವುದನ್ನೂ ನೆಟ್ಟಗೆ ಹೇಳುವವರಲ್ಲ. ಹೌದೂ ಅಲ್ಲ, ಇಲ್ಲವೂ ಅಲ್ಲ, ನಡುವೆ ಹತ್ತು ಮಾತು. ಆಚಾರ್ಯರು ‘ಬಹುಶಃ’ ಅಂದರೆ ಕೇಳುವವನು “ಅಂದ್ರ ಆಕ್ಕೈತೋ ಇಲ್ಲೋ?” ಎಂದು ಮೈಮೇಲೆ ಬರುತ್ತಿದ್ದ. ಕೊನೆಗೆ ಅವರೇ ರೂಪಾಯಿಯ ಹದಿನಾರಾಣೆಯನ್ನು ಪೂರ್ತಿ ನಿಜವೆಂದು ಹಿಡಿದು ಒಂದು ತೂಕ ಕಟ್ಟಿದರು. ಪ್ರಾಬಬ್ಲಿ ಅಂದರೆ ಹನ್ನೆರಡಾಣೆ ಖರೆ, ಪರ್‌ಹ್ಯಾಪ್ಸ್ ಎಂಟಾಣೆ, ಪಾಸಿಬ್ಲಿ ನಾಲ್ಕಾಣೆ. ಆಣೆ ಸರಕಾರದಿಂದ ಹೋಗಿ ಇಪ್ಪತ್ತು ವರ್ಷ ದಾಟಿದ್ದರೂ ನಮ್ಮ ಬಾಯಿಂದ ಹೋಗಿರಲಿಲ್ಲ. ಜನ ಸಮಾಧಾನದಿಂದ ಎದ್ದು ಹೋಗುತ್ತಿದ್ದರು.

ಎಂಬತ್ತೊಂದರ ಮಳೆಗಾಲದಲ್ಲಿ ತಡಸದಿಂದ ಹಾಜರಾಬಿ ಬಂದಳು. ಗಂಡ ಕುತುಬುದ್ದೀನ ಮುಂಬಯಿಯ ಸರಕು ಹಡಗೊಂದರಲ್ಲಿ ಅಡುಗೆಯವ. ಹಡಗು ಬಿರುಗಾಳಿಗೆ ಸಿಕ್ಕಿದೆ, ಸುದ್ದಿಯಿಲ್ಲ, ಆಳುಗಳು ಪ್ರಾಬಬ್ಲಿ ಬದುಕಿದ್ದಾರೆ ಎಂದು ಕಂಪನಿ ಬರೆದಿತ್ತು. “ಹನ್ನೆರಡಾಣೆ ಇದ್ದಾನ, ತಂಗಿ,” ಎಂದರು ಆಚಾರ್ಯರು. ಅವಳು ನನಗೂ ಸಕ್ಕರೆ ಕೊಟ್ಟು ಹೋದಳು. ದೀಪಾವಳಿಗೆ ಬಂದ ಪತ್ರ ಪರ್‌ಹ್ಯಾಪ್ಸ್‌ಗೆ ಇಳಿಯಿತು, ಸಂಕ್ರಾಂತಿಯದು ಪಾಸಿಬ್ಲಿಗೆ. ಆಚಾರ್ಯರ ದನಿಯೂ ಇಳಿಯುತ್ತ ಬಂತು.

ಯುಗಾದಿಯಾದ ಮೇಲೆ ನಾಲ್ಕನೆಯ ಪತ್ರ ಬಂತು. ಕುತುಬುದ್ದೀನ ಸತ್ತನೆಂದು ‘ಪ್ರಿಸ್ಯೂಮ್’ ಮಾಡಲಾಗಿದೆ. ಆಚಾರ್ಯರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆ ಮಾತಿಗೆ ಅವರ ಬಳಿ ತೂಕವಿರಲಿಲ್ಲ.

“ಎಷ್ಟಾಣೆ ಖರೆ ಐತ್ರಿ, ಆಚಾರ್ರ?” ಎಂದಳು ಹಾಜರಾಬಿ. “ಜಮಾತಿನ ಹಿರ್ಯಾರು ಕೈಯಾನ ಬಳಿ ತಗಿ ಅನ್ನಾಕತ್ತಾರ. ತಗೀಲೋ, ಬ್ಯಾಡೋ?”

“ಇಲ್ಲೇ ಕೂಡು, ಬರ್ತೇನಿ,” ಎಂದು ಅವರು ಹೊರಟರು. ನಾನೂ ಪೆಟ್ಟಿಗೆ ಮುಚ್ಚಿ ಬೆನ್ನುಹತ್ತಿದೆ. ಹೈಸ್ಕೂಲಿನ ಮಾಸ್ತರು, “ಗೊತ್ತಿಲ್ಲ, ಸುಮ್ಮ ಹಂಗಂತ ತಿಳಕೊಂಡಾರ,” ಎಂದರು. ವಕೀಲ ಜಯತೀರ್ಥರಾಯರು, “ಕೋರ್ಟಿನ್ಯಾಗ ಅಂವ ಸತ್ತಂಗ,” ಎಂದರು. ಬ್ಯಾಂಕಿನ ಮ್ಯಾನೇಜರು ಇಬ್ಬರನ್ನೂ ಬೈದು ಡಿಕ್ಷನರಿ ತೆಗೆದರೆ, ಅದರಲ್ಲಿ ಇಬ್ಬರ ಮಾತೂ ಇತ್ತು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ಎಂಬುದನ್ನು ಡಿಕ್ಷನರಿಯಲ್ಲಿ ಹುಡುಕುವ ಗತಿ ಬಂತಲ್ಲ ಎಂದು ಸಂಕಟವೂ ಆಯಿತು.

ಮರಳಿದಾಗ ಹಾಜರಾಬಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೂತಿದ್ದಳು. ನಾನಾಗಿದ್ದರೆ ಎರಡಾಣೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ.

“ನನಗ ತಿಳೀವಲ್ದು, ತಂಗಿ,” ಎಂದರು ಆಚಾರ್ಯರು. “ಹಿಂದಿನ ಆಣೇನೂ ನಾನ ಕಟ್ಟಿದ್ದು. ಪತ್ರದಾಗ ಇದ್ದಿಲ್ಲ.”

“ಬರದವ್ರಿಗಾದ್ರೂ ತಿಳದೈತೇನ್ರಿ?”

“ಅವರಿಗೂ ಇಲ್ಲ.”

“ಯಾರಿಗೂ ತಿಳೀಲಾರದ ಮಾತಿಗೆ ನಾ ಯಾಕ ಬಳಿ ಒಡಕೊಳ್ಳಲಿ?” ಎಂದು ಅವಳು ಪತ್ರ ಮಡಚಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಳು.

ಅಂದಿನಿಂದ ಆಚಾರ್ಯರು ಆಣೆಯ ಮಾತು ಬಿಟ್ಟರು. ಯಾರಾದರೂ ಪತ್ರ ತಂದರೆ ಇಂಗ್ಲಿಷ್ ಮಾತನ್ನು ಇದ್ದ ಹಾಗೇ ಓದಿ ಪತ್ರ ಮಡಚಿ ಕೊಡುತ್ತಿದ್ದರು. ಜನ ಬೈದುಕೊಂಡು ಹೋಗುತ್ತಿದ್ದರು.

ಎಂಬತ್ತೇಳರಲ್ಲಿ ಅವರು ತೀರಿಕೊಂಡರು. ವಾರ ಕಳೆದ ಮೇಲೆ ಹಾಜರಾಬಿ ಬಂದಳು, ಕೈತುಂಬ ಹಸಿರು ಬಳೆ. ಟೈಪ್‌ರೈಟರ್ ಇಲ್ಲದ ಜಾಗ ನೋಡುತ್ತ ನನ್ನನ್ನು ಕೇಳಿದಳು.

“ಮಹಾಲಿಂಗಣ್ಣಾರ, ಆಚಾರ್ರು ಹೋದ್ರು ಅಂತಾರಲ್ಲ, ಖರೇನ್ರಿ?”

“ಹದಿನಾರಾಣೆ ಖರೆ, ಯವ್ವಾ. ನಾನ ಕಣ್ಣಾರೆ ನೋಡೇನಿ.”

ಆರು ವರ್ಷ ಒಮ್ಮೆಯೂ ನಮ್ಮೆದುರು ಅಳದವಳು ಬೇವಿನ ಬುಡದಲ್ಲಿ ಕುಸಿದು ಕೂತು ಹೋ ಎಂದು ಅತ್ತಳು. ಯಾರಿಗಾಗಿ ಅತ್ತಳೋ ನನಗೆ ಇವತ್ತಿಗೂ ತಿಳಿದಿಲ್ಲ.