ಅಡುಗೆಯ ಸೈನಿಕನಿಗೆ ಬರೆದ ಬಿನ್ನವತ್ತಳೆ

ನಮ್ಮ ಕಡೆ ಮಿಲಿಟರಿಯಿಂದ ನಿವೃತ್ತನಾಗಿ ಬಂದವನನ್ನು ಸುಮ್ಮನೆ ಮನೆಗೆ ಹೋಗಲು ಬಿಡುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ರೈಲಿನಿಂದ ಇಳಿಸಿಕೊಂಡು, ತೆರೆದ ಜೀಪು ಹತ್ತಿಸಿ, ದಾರಿಯುದ್ದಕ್ಕೂ ಪಟಾಕಿ ಹೊಡೆದು ಊರಿಗೆ ಕರೆತರುತ್ತಾರೆ. ಆಮೇಲೆ ಶಾಲೆಯ ಮುಂದಿನ ವೇದಿಕೆಯಲ್ಲಿ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ಮೈಕಿನಲ್ಲಿ ಓದಿ ಕೈಗಿಡುತ್ತಾರೆ. ಚಿನಕುರಳಿ ಸುತ್ತಮುತ್ತ ಆ ಹೊಗಳಿಕೆಯ ಪತ್ರಗಳನ್ನು ಬರೆಯುವವನು ನಾನು. ಕನ್ನಡ ಮೇಷ್ಟ್ರಾದ ತಪ್ಪಿಗೆ ಅಂಟಿಕೊಂಡ ಪುಕ್ಕಟೆ ಕೆಲಸ ಇದು. ಹಾಲಿನ ಡೈರಿಯ ಕಾರ್ಯದರ್ಶಿಯನ್ನೂ ಹೊಗಳಿದ್ದೇನೆ, ವರ್ಗವಾಗಿ ಹೋಗುವ ಲೈನ್‌ಮನ್‌ನನ್ನೂ ಹೊಗಳಿದ್ದೇನೆ. ಹೊಗಳುವುದಕ್ಕೆ ಮನುಷ್ಯನ ಪರಿಚಯ ಇರಲೇಬೇಕು ಎಂದೇನೂ ನನಗೆ ಅನ್ನಿಸಿರಲಿಲ್ಲ.

ನನ್ನ ಅಣ್ಣ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದಾಗಲೂ ನಾನೇ ಬರೆದೆ. ಅವನು ಅಲ್ಲಿ ಅಡುಗೆಯವನಾಗಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಊರಿಗೆ ಊರೇ ಸೇರಿದ ಸಭೆಯಲ್ಲಿ, ಇವನು ದೇಶಕ್ಕಾಗಿ ಬೇಳೆ ಕುದಿಸಿದ ಎಂದು ಓದುವುದು ಹೇಗೆ? ನನಗೆ ಮೊದಲಿನಿಂದಲೂ ಯುದ್ಧದ ಸಿನಿಮಾಗಳ ಹುಚ್ಚು. ಅವುಗಳಲ್ಲಿ ನೋಡಿದ್ದನ್ನೆಲ್ಲ ನೆನಪಿಸಿಕೊಂಡು, ‘ಹಿಮದ ನೆತ್ತಿಯಲ್ಲಿ ನಿಂತು, ಗುಂಡಿನ ಮಳೆಗೆ ಎದೆಯೊಡ್ಡಿ, ವೈರಿಪಡೆಯನ್ನು ಹಿಮ್ಮೆಟ್ಟಿಸಿದ ಕಲಿಯೇ’ ಎಂದು ಒಂದೇ ಉಸಿರಿಗೆ ಬರೆದುಬಿಟ್ಟೆ. ಸಭೆಯಲ್ಲಿ ನಾನೇ ಮೈಕು ಹಿಡಿದು ಓದಿದೆ. ಜನ ಚಪ್ಪಾಳೆ ತಟ್ಟುತ್ತಿರುವಾಗ ಅಣ್ಣ ಜಾರುತ್ತಿದ್ದ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಾಗಿದ.

“ಯಾರ್ಲಾ ಇವ್ನು?” ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಅದು ತಮಾಷೆಯಲ್ಲ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಲ್ಲಿ ಚಳಿ ಹೇಗಿತ್ತಣ್ಣ, ಎಂಥ ಜಾಗದಲ್ಲಿ ಮಲಗುತ್ತಿದ್ದೆ, ಭಯ ಆಗುತ್ತಿತ್ತಾ ಎಂದು ಏನೇ ಕೇಳಿದರೂ ಒಂದೇ ಉತ್ತರ: “ಎಲ್ಲಾ ನೀನೇ ಬರ್ದಿದ್ದೀಯಲ್ಲ, ಓದ್ಕೋ ಓಗ್ಲಾ.” ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಅವನ ಹದಿನೇಳು ವರ್ಷ ಹೇಗೆ ಕಳೆಯಿತು ಎಂಬುದನ್ನು ಅವನ ಬಾಯಿಂದ ಕೇಳಬೇಕೆಂದು ಅಷ್ಟೂ ವರ್ಷ ಕಾದಿದ್ದೆ. ನನ್ನ ಶೋಕಿಗೆ ಅದನ್ನು ಕಳೆದುಕೊಂಡೆನಲ್ಲ ಎಂದು ಕೊರಗುತ್ತಿದ್ದೆ. ಅವನು ಹಸು ಮೇಯಿಸಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಸೈನ್ಯದ ವಿಷಯವೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದ.

ಹೋದ ವರ್ಷ ಪಾಂಡವಪುರದ ಟಾಕೀಸಿಗೆ ಒಂದು ಯುದ್ಧದ ಸಿನಿಮಾ ಬಂತು. ಅಣ್ಣನ ಬಾಯಿ ಬಿಡಿಸಲು ಇದೇ ದಾರಿ ಎಂದು ಉಪಾಯ ಹೂಡಿದೆ. “ಬಾರಣ್ಣ, ಇವ್ರು ತೋರ್ಸೋದು ಸರೀನೋ ತಪ್ಪೋ ನೀನೇ ಹೇಳೀವಂತೆ” ಎಂದು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದೆ.

ಉಪಾಯ ಫಲಿಸಿತು. ನಾಯಕ ಕಾಣಿಸಿಕೊಂಡ ಕೂಡಲೇ ಶುರುವಾಯಿತು. “ಏನ್ಲಾ ಇವ್ನ ಕೂದ್ಲು! ಅಲ್ಲಿ ಕ್ಷೌರ ಮಾಡೋರು ಯಾರೂ ಇಲ್ವಾ?” ಬೆಟ್ಟ ಹತ್ತುತ್ತಾ ಎಲ್ಲರೂ ಕೂಗಾಡಿದಾಗ, “ಇಂಗೆ ಕಿರುಚ್ಕಂಡು ಓದ್ರೆ ಮೊದ್ಲು ನಮ್ ಸುಬೇದಾರ್ರೇ ಒದೀತಿದ್ರು” ಎಂದ. ಬಂದೂಕು ಒಂದೇ ಸಮ ಹಾರುತ್ತಲೇ ಇದ್ದಾಗ ಬೆರಳು ಮಡಿಸಿ ಗುಂಡು ಎಣಿಸತೊಡಗಿದ. ಮುಂದಿನ ಸಾಲಿನವನೊಬ್ಬ ತಿರುಗಿ, “ಸುಮ್ಕಿರಿ ಯಜಮಾನ್ರೇ, ನಿಮಗೇನ್ ಗೊತ್ತು ಮಿಲಿಟ್ರಿ ವಿಷ್ಯ” ಎಂದು ಗದರಿದ. ಅಣ್ಣ ಮಗುವಿನಂತೆ ಬಾಯಿ ಮುಚ್ಚಿಕೊಂಡು ನಕ್ಕ. ಎಷ್ಟೋ ದಿನದ ಮೇಲೆ ಅವನ ಪಕ್ಕದಲ್ಲಿ ಕೂತು ನಾನೂ ನಕ್ಕೆ.

ಒಂದೇ ಒಂದು ಕಡೆ ಅವನು ತಪ್ಪು ಹುಡುಕಲಿಲ್ಲ. ನಾಲ್ಕೈದು ಜನ ಸೈನಿಕರು ಒಲೆಯ ಮೇಲೆ ಕಾಲುಚೀಲ ಹಿಡಿದು ಒಣಗಿಸುತ್ತಾ, ಯಾರೊಂದಿಗೂ ಯಾರೂ ಮಾತಾಡದೆ ಮೂಟೆಗಳ ಮೇಲೆ ಕೂತಿದ್ದರು. “ಇದು ಸರಿ ಕಣ್ಲಾ” ಎಂದ ಅಣ್ಣ. “ಕಾಯೋದೇ ಕೆಲ್ಸ. ತಿಂಗ್ಳುಗಟ್ಲೆ ಇಂಗೇ ಕುಂತಿರೋದು.” ಆ ದೃಶ್ಯ ಅರ್ಧ ನಿಮಿಷವೂ ಇರಲಿಲ್ಲ. ತಿಂಗಳುಗಟ್ಟಲೆ ಕಾಯುವುದನ್ನು ಮೂರು ಗಂಟೆ ತೋರಿಸಿದರೆ ನಾವು ಯಾರು ತಾನೇ ಕೂತು ನೋಡುತ್ತೇವೆ? ಸಿನಿಮಾದವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕಿತ್ತು. ಚಪ್ಪಾಳೆ ಬೀಳುವುದನ್ನಷ್ಟೇ ಆರಿಸಿ ಬರೆದವನು ನಾನೂ ಹೌದು.

ಇಂಟರ್‌ವೆಲ್ ಆದ ಮೇಲೆ ಒಬ್ಬ ಎಳೆಯ ಸೈನಿಕ ನಾಯಕನ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಸಾಯುವ ಮೊದಲು ಹೆತ್ತ ತಾಯಿಯ ಬಗ್ಗೆ, ಊರಿನ ಮಣ್ಣಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಟಾಕೀಸಿನಲ್ಲಿ ಮೂಗೆಳೆಯುವ ಸದ್ದು. ನನ್ನ ಕಣ್ಣೂ ಒದ್ದೆಯಾಗಿತ್ತು. ಒರೆಸಿಕೊಂಡು ಪಕ್ಕಕ್ಕೆ ನೋಡಿದರೆ ಅಣ್ಣ ಇರಲಿಲ್ಲ.

ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಬಿಸಿಲು ಇನ್ನೂ ಇಳಿದಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

“ಸಾಯೋನು ಅಷ್ಟೊತ್ತು ಮಾತಾಡಕ್ಕಿಲ್ಲ ಕಣ್ಲಾ” ಎಂದ.

ಆ ಒಂದು ದಿನ ನಾನು ಮೇಷ್ಟ್ರ ಬುದ್ಧಿ ತೋರಿಸದೆ ಬಾಯಿ ಮುಚ್ಚಿಕೊಂಡಿದ್ದೆ. ಅಣ್ಣ ತಾನಾಗಿ ಹೇಳಿದ. ಅವನ ತುಕಡಿಯಲ್ಲಿ ನಾಗಮಂಗಲದ ದೇವಲಾಪುರದ ಕಡೆಯ ಒಬ್ಬ ಹುಡುಗನಿದ್ದ. ಇಡೀ ಶಿಬಿರದಲ್ಲಿ ನಮ್ಮ ಕನ್ನಡ ಆಡಲು ಇವನಿಗೆ ಅವನು, ಅವನಿಗೆ ಇವನು. ಅವರಿದ್ದ ಬೆಟ್ಟದ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು. ಒಂದು ಬೆಳಿಗ್ಗೆ ಕುಕ್ಕರಿನ ರಬ್ಬರು ಕಿತ್ತುಹೋಗಿ ಅನ್ನ ತಡವಾಯಿತು. ಹುಡುಗ ಫೋನಿನ ತಂತಿ ಹೊತ್ತು ಮೇಲಿನ ಕಾವಲು ಠಾಣೆಗೆ ಹೋಗಬೇಕಿತ್ತು. ಬಂದು ಉಣ್ಣುತ್ತೇನೆ, ಎತ್ತಿಟ್ಟಿರಣ್ಣ ಎಂದು ಹೇಳಿ ಹೊರಟ. ದಾರಿಯಲ್ಲಿ ಫಿರಂಗಿಯ ಶೆಲ್ ಬಿತ್ತು. ಹಾರಿಸಿದವನ ಮುಖವನ್ನು ಯಾರೂ ನೋಡಲಿಲ್ಲ. ಕೆಳಗೆ ಹೊತ್ತು ತಂದಾಗ ಹುಡುಗನಲ್ಲಿ ಮಾತಿರಲಿ, ಉಸಿರೂ ಇರಲಿಲ್ಲ.

“ರಜಕ್ಕೆ ಬಂದಾಗ ಅವ್ರ ಮನೀಗ್ ಓದೆ. ಅವ್ರವ್ವ ಅಂಗಳದಲ್ಲಿ ಮೊರ ಇಡ್ಕಂಡು ಉಳ್ಳಿಕಾಳು ಕೇರ್ತಿದ್ಲು. ಏನಂತ ಏಳ್ಲಿ? ನಾನೂ ಸಿನಿಮಾ ನೋಡಿದ್ನಲ್ಲ. ಕೊನೇಲಿ ನಿನ್ನೇ ನೆನುಸ್ಕಂಡ ಕಣವ್ವ, ನಗ್‌ನಗ್ತಾ ಓದ ಅಂದ್ಬುಟ್ಟೆ.” ಟೀ ಲೋಟದಿಂದ ಒಂದು ಗುಟುಕು ಹೀರಿ, “ನಿನ್ ಮ್ಯಾಲೆ ಸಿಟ್ಟಲ್ಲ ಕಣ್ಲಾ. ಅವತ್ತು ನೀನು ಮೈಕಲ್ಲಿ ಓದ್ತಿದ್ರೆ ನಾನಾಡಿದ್ ಮಾತೇ ಕೇಳ್ದಂಗಾಯ್ತು” ಎಂದ.

ನನಗೆ ಅವನ ಮುಖ ನೋಡಲಾಗಲಿಲ್ಲ. “ಆಯಮ್ಮ ನಂಬುದ್ಲಾ?” ಎಂದು ಕೇಳಿದೆ.

“ಅದುನ್ನ ಕಿವಿಗೇ ಆಕ್ಕಳ್ನಿಲ್ಲ. ಅವತ್ತು ಉಂಡಿದ್ನಾ ಮಗಾ, ಅಂದ್ಲು.”

ಅಣ್ಣ ಲೋಟ ಕೆಳಗಿಟ್ಟ.

“ಉಂಡಿದ್ದ ಕಣವ್ವ, ಎಲ್ಡು ಸತಿ ಇಕ್ಕುಸ್ಕಂಡ, ನಾನೇ ಇಕ್ದೆ ಅಂದೆ. ಅಲ್ಲೀಗಂಟ ಅತ್ತೇ ಇರ್ಲಿಲ್ಲ ಆ ಅವ್ವ. ಎದ್ದು ಬಂದು, ಇಕ್ಕಿದ್ದು ಈ ಕೈಯೇನಪ್ಪಾ ಅಂತವ, ನನ್ ಎಲ್ಡು ಕೈನೂ ಇಡ್ಕಂಡು ಕಣ್ಗೊತ್ಕಂಡ್ಲು ಕಣ್ಲಾ.”