ಗೌರಾಬಾಯಿ ಬಾಗಿಲು ಬಿಡಲಿಲ್ಲ

ಮರಾಠಿ ಊರಿನ ಸದಾಶಿವ ಪೇಠದ ಮಕ್ಕಳ ಆಸ್ಪತ್ರೆಯೊಂದರಲ್ಲಿ, ರೋಗಿಗಳನ್ನು ನೋಡಲು ಬರುವವರಿಗೆ ಪಾಸು ಬರೆದುಕೊಡುವವಳು ನಾನು. ಆ ಪಾಸು ಹಿಡಿದು ಬಂದವರನ್ನು ಎರಡನೇ ಮಹಡಿಯ ವಾರ್ಡಿನ ಬಾಗಿಲಲ್ಲಿ ತಡೆಯುವವಳು ಗೌರಾಬಾಯಿ. ಹೀಗಿದ್ದ ಮೇಲೆ ನಮ್ಮಿಬ್ಬರಿಗೆ ಸರಿ ಹೋಗುವುದಾದರೂ ಹೇಗೆ? ಬೆಳಗಾವಿ ಕಡೆಯ ಹೆಂಗಸು, ದಿನಾ ಊರಂಚಿನ ಕಾತ್ರಜದಿಂದ ಬಸ್ಸಿಗೆ ಬರುತ್ತಿದ್ದಳು. ಓದು ಬರುತ್ತಿರಲಿಲ್ಲ. ನಾನು ಮುತ್ತಿನಂತೆ ಬರೆದ ಪಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನದೇ ವಿಚಾರಣೆ ಶುರು ಮಾಡುತ್ತಿದ್ದಳು.

"ಕೂಸು ಯಾವ ಮಗ್ಗಲಾ ಮಲಗ್ತದ? ಮುಂಜಾನೆ ಏನ್ ತಿಂದದ?"

ಒಮ್ಮೆ ಒಬ್ಬ ಅಪ್ಪ ಉತ್ತರ ತಿಳಿಯದೆ ಪೆಚ್ಚಾಗಿ ನಿಂತ. ಅವನನ್ನು ಒಳಗೆ ಬಿಟ್ಟಳು. ಪಟಪಟ ಉತ್ತರ ಹೇಳಿದ ಇನ್ನೊಬ್ಬನನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದಳು.

"ಇದ್ಯಾವ ನ್ಯಾಯಾರೀ ಗೌರಾಬಾಯಿ?"

"ಖರೇ ಅಪ್ಪಗ ಇದೆಲ್ಲಾ ಎಲ್ಲಿ ಗೊತ್ತಿರ್ತದ್ರೀ ಅಕ್ಕಾರ?"

ಈಕೆಯ ತಲೆಯೊಳಗೆ ಏನು ನಡೆಯುತ್ತದೋ ಎಂಬ ಕುತೂಹಲ ನನಗೆ. ಕೆಲಸ ಇರಲಿ ಬಿಡಲಿ, ಮೇಲೆ ಹೋಗಿ ಅವಳ ಪಕ್ಕ ಕೂತು ನೋಡುತ್ತಿದ್ದೆ. ಕೇಳಿದರೆ ನಕ್ಕು ಮುಂದಿನವರ ಪಾಸಿಗೆ ಕೈ ಚಾಚುತ್ತಿದ್ದಳು.

೧೯೯೭ರ ಒಂದು ಮಧ್ಯಾಹ್ನ ನನ್ನ ಕಿಟಕಿಗೆ ಒಬ್ಬಳು ಬಂದಳು. "ನೀವು ನಮ್ಮ ಕಡಿಯವರೇನ್ರೀ ಅಕ್ಕಾರ?" ಅಂದಳು. ಮುಂಜಾನೆಯಿಂದ ಮರಾಠಿ ಮಾತಾಡಿ ಮಾತಾಡಿ ಬೇಸತ್ತಿದ್ದೆ. ಅಯ್ಯ, ಎಷ್ಟು ಹಿತವಾಯಿತು ಆ ಕನ್ನಡ! ಧಾರವಾಡದ ಹತ್ತಿರದ ರೇಣು ಎಂಬಾಕೆ ನ್ಯುಮೋನಿಯಾ ಆಗಿದ್ದ ತನ್ನ ಒಂದೂವರೆ ವರ್ಷದ ಮಗನೊಂದಿಗೆ ವಾರ್ಡಿನಲ್ಲಿದ್ದಳು. ಈಕೆ ಆ ರೇಣುವಿನ ನೆಗೆಣ್ಣಿಯಂತೆ, ಮೈದುನನ ಹೆಂಡತಿ. ತಾಯಿಯ ಪಾಸಲ್ಲದೆ ಇನ್ನೊಬ್ಬರಿಗೆ ಎರಡನೇ ಪಾಸು ಕೊಡಲು ತಾಯಿಯ ಸಹಿ ಬೇಕು. ನಾನು ಸಹಿ ಇಲ್ಲದೆಯೇ ಬರೆದುಕೊಟ್ಟೆ. ಸಾಲದ್ದಕ್ಕೆ, "ಬಾಗಿಲದಾಗ ಕೇಳಿದ್ರ ಇಂದೂ ಅಕ್ಕಾರು ಕಳಿಸ್ಯಾರ ಅನ್ರಿ" ಎಂದು ನನ್ನ ಹೆಸರನ್ನೂ ಕೊಟ್ಟೆ.

ಹದಿನೈದು ನಿಮಿಷ ಬಿಟ್ಟು ಮೇಲೆ ಹೋದರೆ, ಆ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಟು ನಿಂತಿದ್ದಳು. ಗೌರಾಬಾಯಿ ಬಾಗಿಲಿಗೆ ಅಡ್ಡ ಕೈ ಹಿಡಿದಿದ್ದಳು.

"ರೇಣು ಊಟಕ್ಕ ಹೋಗ್ಯಾಳ್ರಿ. ಎಕ್ಸ್‌ರೇಕ್ಕ ನೀನ ಒಯ್ಯಿ ಅಂದಾಳ. ಈರಬಸಪ್ಪ, ಹನ್ನೊಂದನೇ ಕಾಟು. ಪಾಸ್ ಅದ ನೋಡ್ರಿ," ಅನ್ನುತ್ತಿದ್ದಳು ಆ ಹೆಂಗಸು.

ನನಗೆ ಸಿಟ್ಟು ಬಂತು. "ಬಿಡ್ರಿ ಗೌರಾಬಾಯಿ! ನಮ್ಮ ಕಡಿಯವರು ಅವರು. ಪಾಸ್ ನಾನ ಬರದೀನಿ."

"ಬರದಿರಬಹುದ್ರಿ. ಏನವ್ವಾ, ಕೂಸಿನ ಹೆಸರು ಏನಂದಿ?"

"ಈರಬಸಪ್ಪ."

ಗೌರಾಬಾಯಿ ಮಗುವನ್ನು ಕಸಿದುಕೊಂಡೇ ಬಿಟ್ಟಳು. ಆ ಹೆಂಗಸು, "ತಡೀರಿ, ಅವರವ್ವನ್ನ ಕರಕೊಂಡ ಬರ್ತೀನಿ" ಎಂದು ದಡದಡ ಮೆಟ್ಟಿಲಿಳಿದವಳು ತಿರುಗಿ ಬರಲಿಲ್ಲ. ಆಮೇಲೆ ಪೊಲೀಸರಿಗೂ ಸಿಗಲಿಲ್ಲ.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಾಕು ದಿನದಿಂದ ರೇಣು ಇದಕ್ಕ ಅಪ್ಪಾಜಿ, ಅಪ್ಪಾಜಿ ಅಂತಾಳ್ರಿ. ಯಾಕವ್ವಾ ಅಂದೆ. ಮಾವನ ಹೆಸರು ಇಟ್ಟಾರಂತ, ಬಾಯಿಲೆ ಅನ್ನೂದಿಲ್ಲಂತ. ನೆಗೆಣ್ಣಿಗೂ ಅಂವ ಮಾವನ ಅಲ್ಲೇನ್ರಿ? ಈಕಿ ಎರಡು ಸಲ ಆ ಹೆಸರು ಆರಾಮ ಅಂದ್ಲು."

ನಮ್ಮವ್ವ ಸಾಯುವ ತನಕ ತನ್ನ ಮಾವನ ಹೆಸರು ಎತ್ತಿರಲಿಲ್ಲ. ನನಗೆ ಹೊಳೆಯಲಿಲ್ಲವಲ್ಲ!

ಅಷ್ಟರಲ್ಲಿ ಊಟ ಮುಗಿಸಿ ರೇಣು ಬಂದಳು. ಅವಳ ಗಂಡ ಚನ್ನವೀರ ಒಬ್ಬನೇ ಮಗನಂತೆ. ನೆಗೆಣ್ಣಿಯೇ ಇಲ್ಲ. ನಡೆದದ್ದನ್ನು ಕೇಳಿ, ಆ ಹೆಂಗಸನ್ನು ತಡೆದವಳು ನಾನೇ ಎಂದುಕೊಂಡು, ಅಳುತ್ತ ನನ್ನ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಕಡಿಯವರು ನೀವಿದ್ರಿ, ಅದಕ್ಕ ಉಳೀತ್ರಿ ನನ್ನ ಕೂಸು."

ಗೌರಾಬಾಯಿ ಗೋಡೆ ನೋಡುತ್ತಿದ್ದಳು. ಅವಳು ಹೇಳುವವಳಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಆಕಿಗೆ ಪಾಸ್ ಬರಕೊಟ್ಟಾಕಿ ನಾನ, ರೇಣು," ಅಂದೆ. "ನಿನ್ನ ಸಹಿ ಇಲ್ದ."

ರೇಣು ಕೈ ಬಿಟ್ಟಳು. ಎರಡು ಮಾತು ಬೈದಿದ್ದರೂ ಹಗುರಾಗುತ್ತಿತ್ತು ನನಗೆ. ಮಗುವನ್ನು ಎದೆಗೆ ಒತ್ತಿಕೊಂಡು ಗೌರಾಬಾಯಿಯ ಕಡೆ ತಿರುಗಿದಳು.

"ಇವರನ್ನ ಒಳಗ ಬಿಡಬ್ಯಾಡ್ರಿ."

"ಹೂಂ," ಅಂದಳು ಗೌರಾಬಾಯಿ.

ಆ ಮಗು ಇನ್ನೂ ನಾಲ್ಕು ದಿನ ವಾರ್ಡಿನಲ್ಲಿತ್ತು. ನಾಲ್ಕು ದಿನವೂ ಗೌರಾಬಾಯಿ ನನ್ನನ್ನು ಒಳಗೆ ಬಿಡಲಿಲ್ಲ. ಬಿಡು ಎಂದು ನಾನೂ ಕೇಳಲಿಲ್ಲ.